ಕರಾವಳಿಯಲ್ಲಿ ಕಡಿಮೆ ದುಡ್ಡಿನ ತಂಪು ಮನೆ: ಲೆಕ್ಕಕ್ಕೆ ಸಿಗದ ಖರ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಿಂದ ಕಾರವಾರದವರೆಗೆ ಸಣ್ಣ ಮನೆಗಳ ಕೆಲಸ ಮಾಡಿಸುತ್ತೇನೆ. ಹೆಚ್ಚಿನವು 300ರಿಂದ 600 ಚದರ ಅಡಿಯವು. ಎಲ್ಲರೂ ಕೇಳುವುದು ಅವೇ ಪ್ರಶ್ನೆ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಲೆಕ್ಕಕ್ಕೆ ಸಿಗದ ಖರ್ಚು ಅಂದರೆ ಏನು? ಮೇಸ್ತ್ರಿ ತಿಂದುಹಾಕುತ್ತಾರೆ ಅಂತಲಾ?

ಅಲ್ಲ. ಅದೂ ಇರಬಹುದು, ಆದರೆ ದೊಡ್ಡ ಗಂಟು ಹೋಗುವುದು ಅಲ್ಲಿ ಅಲ್ಲ. ನಾನು ಹೇಳುವುದು ಒಂದೇ ಕೆಲಸಕ್ಕೆ ಎರಡು ಸಲ ಕೊಡುವ ದುಡ್ಡಿನ ಬಗ್ಗೆ.

ನಮ್ಮ ಮನೆಯದ್ದೇ ಹೇಳುತ್ತೇನೆ. ಎರಡು ಕೋಣೆ, ಮೇಲೆ ಚಪ್ಪಟೆ ಸ್ಲ್ಯಾಬ್. ಮೇಲ್ವಿಚಾರಣೆ ನನ್ನದೇ, ಹಾಗಾಗಿ ಬೈಯಲು ಬೇರೆ ಯಾರೂ ಇಲ್ಲ. ಮೂರನೇ ಮಳೆಗಾಲಕ್ಕೆ ಅಡುಗೆ ಕೋಣೆಯ ಮೂಲೆಯಲ್ಲಿ ಎಲೆ ಅಡಿಕೆ ಉಗಿದ ಹಾಗೆ ಒಂದು ಕೆಂಪು ಕಲೆ ಕಾಣಿಸಿತು. ಆಷಾಢಕ್ಕೆ ಅದರ ಕೆಳಗೆ ಹಾಲಿನ ಪಾತ್ರೆ ಇಟ್ಟೆವು. ರಾತ್ರಿಯೆಲ್ಲ ಟಿಕ್ ಟಿಕ್. ಮೊದಲು ಏನೋ ಒಂದು ಕೆಮಿಕಲ್ ಬಳಿಸಿದೆ, ಒಂದು ವರ್ಷ ನಿಂತಿತು. ಕೊನೆಗೆ ಎಲ್ಲರ ಹಾಗೆ ಸ್ಲ್ಯಾಬಿನ ಮೇಲೆ ಪೈಪ್ ನಿಲ್ಲಿಸಿ ಶೀಟ್ ಹಾಕಿಸಿದೆ. ಅಂದರೆ ಒಂದು ಮನೆಗೆ ಎರಡು ಮಾಡು (ಛಾವಣಿ). ತಮಾಷೆ ಅಂದರೆ ಶೀಟ್ ಬಂದ ಮೇಲೇ ಮನೆ ಬೇಸಿಗೆಯಲ್ಲೂ ತಂಪಾಯಿತು, ಯಾಕೆಂದರೆ ಸ್ಲ್ಯಾಬಿಗೆ ಬಿಸಿಲು ಬೀಳುವುದೇ ನಿಂತಿತು. ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಕೂತು ಎರಡೂ ಕಡೆ ನೋಡುತ್ತಾ ಹೋಗಿ, ಇಂಥ ಎರಡು ಮಾಡಿನ ಮನೆ ಎಷ್ಟು ಸಿಗುತ್ತವೆ ಲೆಕ್ಕ ಮಾಡಿ.

ಮಳೆಗೆ ಒಂದು, ಸೆಕೆಗೆ ಒಂದು ಅಂತ ಬೇರೆ ಬೇರೆ ಖರ್ಚು ಮಾಡುವ ಬದಲು ಎರಡಕ್ಕೂ ಒಂದೇ ಮಾಡು ಸಾಕಾಗುವ ಹಾಗೆ ಪಾಯ ತೋಡುವ ಮೊದಲೇ ಯೋಚಿಸಿ. ಕೆಳಗೆ ಬರೆದದ್ದರಲ್ಲಿ ಹೆಚ್ಚಿನದು ಇದರ ಸುತ್ತಲೇ ಇದೆ.

ಚದರಕ್ಕೆ ಇಷ್ಟು ಅಂತ ಮಾತಾಗಿದೆ. ಆದರೂ ಯಾಕೆ ಏರುತ್ತದೆ?

ಚದರ ಅಂದರೆ 100 ಚದರ ಅಡಿ. ಅದರೊಳಗೆ ಏನೇನು ಬರುತ್ತದೆ ಅಂತ ಯಾರೂ ಕೇಳುವುದಿಲ್ಲ, ಮೇಸ್ತ್ರಿಯೂ ಹೇಳುವುದಿಲ್ಲ. ಸಾಮಾನ್ಯವಾಗಿ ಹೊರಗೆ ಉಳಿಯುವುದು ಇವು: ಪಾಯದೊಳಗೆ ಮಣ್ಣು ತುಂಬುವುದು, ಶೌಚಾಲಯದ ಗುಂಡಿ, ಮೀಟರಿನ ಖರ್ಚು, ನೀರಿನ ಪೈಪು, ಮೆಟ್ಟಿಲು, ಮತ್ತು ಮುಖ್ಯವಾಗಿ ಗೋಡೆಯಿಂದ ಹೊರಗೆ ಚಾಚುವ ಮಾಡು. ಕೆಲವರು ಚಾಚಿದ ಭಾಗವನ್ನು ಅರ್ಧ ಅಳತೆಗೆ ಹಿಡಿಯುತ್ತಾರೆ, ಕೆಲವರು ಪೂರ್ತಿ ಹಿಡಿಯುತ್ತಾರೆ. ಇದು ಗೊತ್ತಾದ ಕೂಡಲೇ ಮನೆಯವರು "ಹಾಗಾದರೆ ಚಾಚು ಕಡಿಮೆ ಮಾಡಿ" ಅನ್ನುತ್ತಾರೆ. ಅಲ್ಲಿಗೆ ಮನೆ ಕೆಟ್ಟಿತು. ಎರಡೂವರೆ ಅಡಿ ಇರಬೇಕಾದ್ದು ಒಂದು ಅಡಿಗೆ ಬಂದು ನಿಲ್ಲುತ್ತದೆ, ಎರಚಲು ಗೋಡೆಗೆ ಬಡಿಯುತ್ತದೆ, ಬಿಸಿಲೂ ಬಡಿಯುತ್ತದೆ.

ರೇಟಿನಲ್ಲಿ ಏನೇನು ಸೇರಿದೆ ಅಂತ ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ, ಸ್ಟ್ಯಾಂಪ್ ಪೇಪರ್ ಬೇಡ. ಹಾಗೆಯೇ ಎಸ್ಟಿಮೇಟ್ ಹಳೆಯದಾಗಿದ್ದರೆ ಮತ್ತೆ ಮಾತಾಡಿ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಏರಿದಾಗ ಎಲ್ಲರಿಗೂ ನೆನಪಿರುತ್ತದೆ, ಇಳಿದಾಗ ನೀವೇ ನೆನಪು ಮಾಡಬೇಕು.

ಸರ್ಕಾರದ ಮನೆ ಮಂಜೂರಾಗಿದೆ. ಆ ದುಡ್ಡಿನಲ್ಲೇ ಮುಗಿಯುತ್ತದಾ?

ಮುಗಿಯುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇರಬೇಕು. ಇದರ ಜೊತೆ ಉದ್ಯೋಗ ಖಾತ್ರಿಯ 90 ದಿನದ ಕೂಲಿ ಮತ್ತು ಶೌಚಾಲಯದ 12,000 ಸೇರಿಸಿಕೊಳ್ಳುವ ಅವಕಾಶ ನಿಯಮದಲ್ಲಿದೆ. ಎಷ್ಟೋ ಜನ ಈ ಎರಡನ್ನು ಕೇಳುವುದೇ ಇಲ್ಲ. ಮೊದಲು ಪಂಚಾಯ್ತಿಗೆ ಹೋಗಿ ಕೇಳಿ.

ಇಲ್ಲಿ ಅಡಗಿರುವ ಖರ್ಚು ಬಡ್ಡಿ. ರಾಜ್ಯದಲ್ಲಿ ಇಂಥ ಮನೆಗಳನ್ನು ನೋಡಿಕೊಳ್ಳುವ ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೆ ಪಾಯ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡಪಟ್ಟಿ), ಛಾವಣಿ, ಪೂರ್ತಿ ಅಂತ ಹಂತ ಹಂತಕ್ಕೆ ಫೋಟೊ ಹೋಗಿ ಕಂತು ಬರುತ್ತದೆ. ಕೆಲಸ ಮೊದಲು, ದುಡ್ಡು ಆಮೇಲೆ. ನಡುವಿನ ದಿನಗಳಿಗೆ ಜನ ಕೈಗಡ ಮಾಡುತ್ತಾರೆ. ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಒಂದು ಲಕ್ಷ ತಂದರೆ ತಿಂಗಳಿಗೆ 2,000. ಲಿಂಟಲ್ ಮಟ್ಟದಲ್ಲಿ ಮಳೆ ಹಿಡಿದು ನಾಲ್ಕು ತಿಂಗಳು ಕೆಲಸ ನಿಂತರೆ 8,000 ಹೋಯಿತು. ಒಂದು ಕಲ್ಲೂ ಏರಲಿಲ್ಲ. ಅದೇ ದುಡ್ಡಿನಲ್ಲಿ ಎರಡು ಒಳ್ಳೆಯ ಫ್ಯಾನು ತಂದು ಇನ್ನೂ ಉಳಿಯುತ್ತಿತ್ತು.

ಹಾಗಾದರೆ ಯಾವಾಗ ಶುರು ಮಾಡಬೇಕು?

ದೀಪಾವಳಿ ಮುಗಿದ ಕೂಡಲೇ. ಮಾರ್ಚ್ ಒಳಗೆ ಛಾವಣಿ. ಏಪ್ರಿಲ್, ಮೇನಲ್ಲಿ ಬಾವಿ ತಳ ಕಾಣುತ್ತದೆ, ಆಗ ಕಾಂಕ್ರೀಟಿಗೆ ನೀರು ಕಟ್ಟಲು ಟ್ಯಾಂಕರ್ ತರಿಸಬೇಕಾಗುತ್ತದೆ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕಾರ್ಖಾನೆಯ ಕಿಟ್ಟ) ಸೇರಿದ ಸಿಮೆಂಟಿಗೆ 10 ದಿನ ಒದ್ದೆ ಇರಲೇಬೇಕು. ಟ್ಯಾಂಕರ್ ದುಡ್ಡು ಉಳಿಸಲು ಮೂರು ದಿನಕ್ಕೆ ನಿಲ್ಲಿಸಿದ ಸ್ಲ್ಯಾಬ್ ಮುಂದೆ ಹಾಲಿನ ಪಾತ್ರೆ ಇಡಿಸುತ್ತದೆ.

ಅಕ್ಷಯ ತದಿಗೆಗೇ ಪಾಯ ಪೂಜೆ ಆಗಬೇಕು ಅನ್ನುವವರಿಗೆ ನನ್ನ ಉತ್ತರ: ಪೂಜೆ ಮಾಡಿ, ಕಲ್ಲು ತಂದು ಒಟ್ಟಿ, ಕೆಲಸ ಮಳೆ ಬಿಟ್ಟ ಮೇಲೆ.

ಸೈಟಿನಲ್ಲಿ ಏನೇನು ನೋಡಬೇಕು?

ಗದ್ದೆ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿ ಪಡಬೇಡಿ. ಮಣ್ಣು ತುಂಬಿಸಿ ತುಂಬಿಸಿ ಸೈಟಿನ ರೇಟೇ ದಾಟುತ್ತದೆ. ತುಂಬಿದ ಮಣ್ಣು ಕೂರಲು ಒಂದಾದರೂ ಮಳೆಗಾಲ ಕೊಡಬೇಕು. ಗುಡ್ಡದ ಬುಡ ಕಡಿದು ಮಾಡಿದ ಸೈಟಾದರೆ ತಡೆಗೋಡೆ ಮತ್ತು ನೀರು ಹರಿದು ಹೋಗುವ ಕಾಲುವೆಯ ದುಡ್ಡನ್ನು ಮನೆಯ ದುಡ್ಡಿಗೇ ಸೇರಿಸಿ ಲೆಕ್ಕ ಹಾಕಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಜಾರಿ ಬಂದದ್ದು ನೋಡಿದ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದದ ಖರ್ಚು ಬೇರೆ. ಪಹಣಿಯಲ್ಲಿ ಜಮೀನು ಕೃಷಿ ಅಂತಿದ್ದರೆ ಭೂಪರಿವರ್ತನೆ ಬೇಕು. ಪಂಚಾಯ್ತಿ ವ್ಯಾಪ್ತಿಯಲ್ಲಿ ಆಸ್ತಿ ದಾಖಲೆಯಾದ ನಮೂನೆ 9 ಮತ್ತು 11 ಇಲ್ಲದೆ ಬ್ಯಾಂಕಿನವರು ಮುಖ ಎತ್ತಿ ನೋಡುವುದಿಲ್ಲ. ನಮ್ಮ ಜಿಲ್ಲೆಯ ಬಹುಪಾಲು ಕಾಡೇ, ಹಾಗಾಗಿ ಅರಣ್ಯದ ಗಡಿ ಎಲ್ಲಿದೆ ಅಂತ ಕಲ್ಲು ನೋಡಿ ಖಾತ್ರಿ ಮಾಡಿಕೊಳ್ಳಿ. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಜೆಡ್ ಬರುತ್ತದೆ. ಹೊಳೆ, ಅಳಿವೆಯ ದಡದಲ್ಲೂ ಬರುತ್ತದೆ, ಇದು ಹಲವರಿಗೆ ಗೊತ್ತಿಲ್ಲ. ಪಾಯ ಹಾಕಿದ ಮೇಲೆ ನೋಟಿಸ್ ಬಂದರೆ ಅದಕ್ಕಿಂತ ದುಬಾರಿ ಕಾಗದ ಇನ್ನೊಂದಿಲ್ಲ.

ಚಿರೆಕಲ್ಲೋ, ಸಿಮೆಂಟ್ ಬ್ಲಾಕೋ?

ಹೊನ್ನಾವರ, ಕುಮಟಾ, ಭಟ್ಕಳ ಕಡೆ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಹತ್ತಿರದಲ್ಲೇ ಸಿಗುತ್ತದೆ. ಸುಡುವ ಕೆಲಸ ಇಲ್ಲ, ಕಡಿದರೆ ಮುಗಿಯಿತು. ನನ್ನ ಓಟು ಅದಕ್ಕೇ. ಆದರೆ ಕಲ್ಲಿನ ರೇಟಿಗಿಂತ ಲಾರಿ ಬಾಡಿಗೆ, ಮತ್ತು ಲಾರಿ ನಿಂತಲ್ಲಿಂದ ಸೈಟಿನವರೆಗೆ ಹೊರುವ ಕೂಲಿ ಜಾಸ್ತಿ ಆಗಬಹುದು. ಓಣಿಯ ಬಾಯಿಗೆ ಲಾರಿ ಬರುವುದಿಲ್ಲ ಅಂದರೆ ಮೊದಲೇ ಅಡಿ ಅಳೆದು ಹೊರುವವರ ಹತ್ತಿರ ಮಾತಾಡಿ.

ಮೆತ್ತಗಿನ ಕಲ್ಲು ತರಬೇಡಿ. ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಟಣ್ ಅನ್ನಬೇಕು, ಡಬ್ ಅಂದರೆ ವಾಪಸ್ ಕಳಿಸಿ. ಕಡಿದ ಕಲ್ಲನ್ನು ಕೆಲವು ತಿಂಗಳು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ, ನಮ್ಮ ಅಜ್ಜಂದಿರು ಹಾಗೇ ಮಾಡುತ್ತಿದ್ದರು.

ಹೊರಗಿನ ಗಿಲಾಯಿ (ಪ್ಲಾಸ್ಟರ್) ಬೇಕಾ ಅಂತ ಕೇಳುತ್ತಾರೆ. ನಾಲ್ಕೂ ಗೋಡೆಗೆ ಬೇಡ. ಮಳೆ ಬಡಿಯುವ ಪಶ್ಚಿಮ ಮತ್ತು ನೈಋತ್ಯದ ಮುಖಕ್ಕೆ ಮಾಡಿಸಿ, ಉಳಿದ ಕಡೆ ಸಂದಿಗೆ ಗಾರೆ ತುಂಬಿಸಿದರೆ ಸಾಕು. ಮಾಡು ಚೆನ್ನಾಗಿ ಚಾಚಿದ್ದರೆ ಪಶ್ಚಿಮಕ್ಕೂ ಬೇಡವಾಗಬಹುದು. ಇನ್ನು ಗೋಡೆ ದಪ್ಪ ಇದ್ದರೆ ತಂಪು ಅನ್ನುವ ಮಾತು ಬಯಲುಸೀಮೆಗೆ ಸರಿ. ಅಲ್ಲಿ ರಾತ್ರಿ ಚಳಿ ಬಿದ್ದು ಗೋಡೆ ಆರುತ್ತದೆ. ನಮ್ಮಲ್ಲಿ ರಾತ್ರಿಯೂ ಬೆವರು. ದಪ್ಪ ಗೋಡೆಗೆ ಹಾಕುವ ದುಡ್ಡನ್ನು ಮಾಡಿಗೂ ಕಿಟಕಿಗೂ ಹಾಕಿ.

ಹಂಚೋ, ಸ್ಲ್ಯಾಬೋ, ಶೀಟೋ?

ಎಲ್ಲರೂ ಜಗಳ ಆಡುವುದು ಇಲ್ಲೇ.

ಏಪ್ರಿಲ್ ಕೊನೆಗೆ ಕಾರವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬಿಸಿಲೆಲ್ಲ ಬೀಳುವುದು ಮಾಡಿನ ಮೇಲೆ. ಬರೀ ಸ್ಲ್ಯಾಬ್ ಆದರೆ ಹಗಲೆಲ್ಲ ಕಾದು, ಸರಿಯಾಗಿ ನಾವು ಮಲಗುವ ಹೊತ್ತಿಗೆ ಆ ಕಾವನ್ನು ಕೆಳಗೆ ಬಿಡುತ್ತದೆ. ವಾಸದ ಕಟ್ಟಡಗಳಿಗೆ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತಾ ಅನ್ನುವ ಕೇಂದ್ರದ ನಿಯಮದಲ್ಲಿ ಮಾಡಿನ ಮೂಲಕ ಕಾವು ಇಳಿಯುವುದಕ್ಕೆ ಒಂದು ಮಿತಿ ಇದೆ, ಬರೀ ಸ್ಲ್ಯಾಬ್ ಆ ಮಿತಿಯ ಹತ್ತಿರವೂ ಬರುವುದಿಲ್ಲ. ಆ ನಿಯಮ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಕಟ್ಟಡಗಳಿಗೆ ಮಾತ್ರ, ನಮ್ಮ ಸಣ್ಣ ಮನೆಗೆ ಕಡ್ಡಾಯ ಇಲ್ಲ. ಕಡ್ಡಾಯ ಇಲ್ಲ ಅಂತ ಸೆಕೆ ಕಡಿಮೆ ಆಗುವುದಿಲ್ಲವಲ್ಲ.

ಹಂಚು ಹಗುರ. ಬೇಗ ಕಾಯುತ್ತದೆ, ಬೇಗ ಆರುತ್ತದೆ, ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಇಡೀ ಕರಾವಳಿ ಅದನ್ನು ಒಪ್ಪಿಕೊಂಡಿದ್ದು ಸುಮ್ನೆ ಅಲ್ಲ. ಹಾಗಾದರೆ ಜನ ಯಾಕೆ ಬಿಟ್ಟರು? ಒಂದು, ಮರ. ಹಂಚು ಹೊರುವ ಪಕಾಸು, ರೀಪಿಗೆ ಒಳ್ಳೆಯ ಮರ ಸಿಗುವುದಿಲ್ಲ, ಸಿಕ್ಕರೂ ಒರಲೆ ಬಿಡುವುದಿಲ್ಲ. ಎರಡು, ಮಂಗ. ನಗಬೇಡಿ, ವರ್ಷಕ್ಕೆ ಎಷ್ಟು ಹಂಚು ಮಂಗನ ಕುಣಿತಕ್ಕೆ ಹೋಗುತ್ತದೆ ಅಂತ ತೋಟದ ಪಕ್ಕದ ಮನೆಯವರನ್ನು ಕೇಳಿ. ಹಂಚಿನ ಮನೆಯ ಲೆಕ್ಕದಲ್ಲಿ ಯಾರೂ ಬರೆಯದ ಖರ್ಚು ಅದು.

ನಾನು ಈಗ ಹೇಳುವುದು ಹೀಗೆ. ಮುಂದೆ ಮಾಳಿಗೆ ಏರಿಸುವ ಅಂದಾಜು ಇಲ್ಲದಿದ್ದರೆ ಸ್ಲ್ಯಾಬ್ ಬೇಡ. ಗ್ಯಾಲ್ವನೈಸ್ಡ್ ಪೈಪಿನ ಚೌಕಟ್ಟು, ಮೇಲೆ ಹಂಚು, ಒಳಗೆ ಮಲಗುವ ಕೋಣೆಗೆ ಮಾತ್ರ ಒಂದು ಅಟ್ಟ ಅಥವಾ ಸೀಲಿಂಗ್. ಮಂಗನ ಕಾಟ ಜಾಸ್ತಿ ಇದ್ದರೆ ಹಂಚಿನ ಬದಲು ತಿಳಿ ಬಣ್ಣದ ಶೀಟ್, ಆದರೆ ಆಗ ಸೀಲಿಂಗ್ ಬಿಡುವ ಹಾಗಿಲ್ಲ, ಮತ್ತು ಸೀಲಿಂಗಿಗೂ ಶೀಟಿಗೂ ನಡುವೆ ಎರಡೂ ಕಡೆ ಗಾಳಿ ಆಡಬೇಕು. ಸೀಲಿಂಗ್ ಇಲ್ಲದ ಶೀಟಿನ ಮನೆ ಮೇ ತಿಂಗಳಲ್ಲಿ ಬಾಣಲೆ, ಜುಲೈನಲ್ಲಿ ಡೋಲು. ಪೈಪಿನ ವೆಲ್ಡಿಂಗ್ ಮಾಡಿದ ಜಾಗಕ್ಕೆ ಆ ದಿನವೇ ಜಿಂಕ್ ಪೇಂಟ್ ಹಚ್ಚಿಸಿ, ಉಪ್ಪು ಗಾಳಿ ಮೊದಲು ಹಿಡಿಯುವುದು ಅಲ್ಲೇ.

ಸ್ಲ್ಯಾಬೇ ಬೇಕು ಅಂದರೆ ಫಿಲ್ಲರ್ ಸ್ಲ್ಯಾಬ್ ಕೇಳಿ ನೋಡಿ. ಕಂಬಿಗಳ ನಡುವೆ ಹಳೆಯ ಹಂಚು ಇಟ್ಟು ಕಾಂಕ್ರೀಟ್ ಉಳಿಸುವ ವಿಧಾನ, ಕೇರಳದಲ್ಲಿ ಲಾರಿ ಬೇಕರ್ ಅನ್ನುವ ವಾಸ್ತುಶಿಲ್ಪಿ ಇದನ್ನು ತುಂಬಾ ಬಳಸಿದರು. ಮಾಡಿ ಗೊತ್ತಿಲ್ಲದ ಮೇಸ್ತ್ರಿ ಹೆದರಿ ಕೂಲಿ ಏರಿಸುತ್ತಾರೆ, ಉಳಿತಾಯ ಅಲ್ಲಿಗೇ ಹೋಗುತ್ತದೆ. ಮಾಡಿ ಗೊತ್ತಿದ್ದವರನ್ನೇ ಹುಡುಕಿ.

ಸ್ಲ್ಯಾಬಿಗೆ ಬಿಳಿ ಬಣ್ಣ ಹೊಡೆದರೆ ತಂಪಾಗುವುದಿಲ್ಲವಾ?

ಆಗುತ್ತದೆ, ಮೊದಲ ಬೇಸಿಗೆಗೆ. ಒಂದು ಮಳೆಗಾಲ ಕಳೆದರೆ ಪಾಚಿ ಹಿಡಿದು ಕಪ್ಪಾಗುತ್ತದೆ. ಪ್ರತಿ ವರ್ಷ ಉಜ್ಜಿ ಸುಣ್ಣ ಹೊಡೆಯುವ ಕೈ ಮನೆಯಲ್ಲಿದ್ದರೆ ಸರಿ. ದುಬಾರಿ ಕೂಲ್ ಪೇಂಟಿಗೆ ಇಲ್ಲಿ ದುಡ್ಡು ಹಾಕಬೇಡಿ.

ಕಬ್ಬಿಣ ತುಕ್ಕು ಹಿಡಿಯದ ಹಾಗೆ ಏನು ಮಾಡಬೇಕು?

ಕಂಬಿ ಮತ್ತು ಕಾಂಕ್ರೀಟಿನ ಹೊರ ಮುಖದ ನಡುವಿನ ಅಂತರವೇ ಎಲ್ಲ. ಕಾಂಕ್ರೀಟಿಗೆ ಇರುವ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ 45 ಎಂ.ಎಂ. ಅಂತರ ಇರಬೇಕು, ಗಟ್ಟಿತನದಲ್ಲಿ ಎಂ30 ದರ್ಜೆ ಇರಬೇಕು. ನಮ್ಮಲ್ಲಿ ನಡೆಯುವುದು ಏನು? ಕಂಬಿಯ ಕೆಳಗೆ ಅಲ್ಲಲ್ಲಿ ಜಲ್ಲಿ ಚೂರು ಇಡುತ್ತಾರೆ. ಕಾಂಕ್ರೀಟ್ ಸುರಿಯುವವರು ಅದರ ಮೇಲೆ ನಡೆದಾಡುತ್ತಾರೆ, ಚೂರು ಜಾರುತ್ತದೆ, ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗಿ ಕೂರುತ್ತದೆ. ನಮ್ಮ ಅಡುಗೆ ಕೋಣೆಯ ಮೂಲೆ ಒಡೆದು ನೋಡಿದಾಗ ಕಂಬಿಯ ಕೆಳಗೆ ಇದ್ದದ್ದು ಬೆರಳಿನ ಉಗುರಿನಷ್ಟು ಗಾರೆ. ಕಂಬಿಯನ್ನು ಎತ್ತಿ ಹಿಡಿಯುವ ಸಿಮೆಂಟಿನ ಕವರ್ ಬ್ಲಾಕ್ ಇಡೀ ಸ್ಲ್ಯಾಬಿಗೆ ಬೇಕಾದದ್ದು ಒಂದು ಚೀಲ. ಅಷ್ಟು ಸಣ್ಣ ಖರ್ಚು ಬಿಟ್ಟದ್ದಕ್ಕೆ ನನಗೆ ಇನ್ನೊಂದು ಮಾಡು ಬಂತು.

ರೇತಿ ಮತ್ತು ನೀರಿನ ಮೇಲೂ ಕಣ್ಣಿಡಿ. ಅಳಿವೆ ಹತ್ತಿರದ ರೇತಿಯಲ್ಲಿ ಉಪ್ಪು ಇರುತ್ತದೆ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಊರು ನಿಮ್ಮದಾಗಿದ್ದರೆ ಆ ನೀರಿನಲ್ಲಿ ಕಾಂಕ್ರೀಟ್ ಕಲಸಬೇಡಿ. ಕಂಬಿ ಇರುವ ಕಾಂಕ್ರೀಟಿಗೆ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ನಾಲಿಗೆಗೆ ಉಪ್ಪು ಅನಿಸಿದರೆ ಪರೀಕ್ಷೆ ಮಾಡಿಸದೆ ಬಳಸಬೇಡಿ. ಸ್ಲ್ಯಾಗ್ ಸಿಮೆಂಟ್ ಸಿಕ್ಕರೆ ಉಪ್ಪಿನ ಗಾಳಿಗೆ ಅದೇ ಒಳ್ಳೆಯದು.

ಕಿಟಕಿ ಎಷ್ಟು ಇಡಬೇಕು?

ನಮ್ಮಂಥ ಸೆಕೆ ಮತ್ತು ತೇವದ ಊರಿಗೆ ನಾನು ಮೇಲೆ ಹೇಳಿದ ಇಕೋ ನಿವಾಸ್ ನಿಯಮದಲ್ಲೇ ಒಂದು ಲೆಕ್ಕ ಇದೆ: ತೆರೆಯುವ ಜಾಗ ನೆಲದ ಶೇ. 16.66 ಇರಬೇಕು, ಅಂದರೆ ಆರರಲ್ಲಿ ಒಂದು ಪಾಲು. 300 ಚದರ ಅಡಿಗೆ 50 ಚದರ ಅಡಿ. ಹೊರಗಿನ ಬಾಗಿಲೂ ಇದರಲ್ಲಿ ಸೇರುತ್ತದೆ. ಆದರೆ ರಾತ್ರಿ ಬಾಗಿಲು ಹಾಕಿಯೇ ಮಲಗುತ್ತೇವೆ ಅಲ್ವಾ? ಹಾಗಾಗಿ ಕಿಟಕಿಯಲ್ಲೇ ಸಾಧ್ಯವಾದಷ್ಟು ತನ್ನಿ. 3×4 ಅಡಿಯ ನಾಲ್ಕು ಕಿಟಕಿ ಅಂದರೆ 48.

ಈಗ ಎಲ್ಲರೂ ಹಾಕಿಸುವ ಸರಿದಾಡುವ ಅಲ್ಯೂಮಿನಿಯಂ ಕಿಟಕಿ ತೆರೆಯುವುದು ಅರ್ಧ ಮಾತ್ರ. ನಾಲ್ಕು ಕಿಟಕಿಗೆ ದುಡ್ಡು ಕೊಟ್ಟು ಎರಡರ ಗಾಳಿ ತೆಗೆದುಕೊಳ್ಳುತ್ತೀರಿ. ಬಾಗಿಲಿನ ಹಾಗೆ ತೆರೆಯುವ ಕಿಟಕಿ ಹಾಕಿಸಿ, ಮೇಲೆ ಎರಡು ಅಡಿ ಸಜ್ಜಾ ಬಿಡಿ. ಸಂಜೆ ಕಡಲ ಗಾಳಿ ಬರುವುದು ಪಶ್ಚಿಮದಿಂದ, ಸುಡುವ ಬಿಸಿಲು ಬರುವುದೂ ಅಲ್ಲಿಂದಲೇ. ಅದಕ್ಕೆ ಪಶ್ಚಿಮಕ್ಕೆ ಮಲಗುವ ಕೋಣೆ ಬೇಡ, ಜಗಲಿ ಇಡಿ. ಜಗಲಿ ದಾಟಿ ಬರುವಾಗ ಗಾಳಿ ಉಳಿಯುತ್ತದೆ, ಬಿಸಿಲು ಹೊರಗೇ ನಿಲ್ಲುತ್ತದೆ. ಮಳೆಗಾಲಕ್ಕೆ ಅಲ್ಲಿ ತೆಂಗಿನ ಮಡಲ ತಟ್ಟಿ ಕಟ್ಟಿದರೆ ಸೌದೆಗೂ ಜಾಗ ಆಯಿತು.

ಕರೆಂಟ್ ಹೇಗೂ ಫ್ರೀ. ಮತ್ತೆ ಯಾಕೆ ಇಷ್ಟೆಲ್ಲ?

ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ಅಂದುಕೊಂಡಿರುವವರು ತುಂಬಾ ಜನ. ಹಾಗಲ್ಲ. ನಿಮ್ಮ ಹಿಂದಿನ ಸರಾಸರಿ ನೋಡಿ ಮಿತಿ ಕಟ್ಟಿದ್ದಾರೆ, 200 ಅದರ ಕೊನೆಯ ಗೆರೆ. ನಿಮ್ಮ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಹಳೆಯ ಲೆಕ್ಕ ಇಲ್ಲದ ಹೊಸ ಮನೆಗೆ 53 ಯೂನಿಟ್ ಸರಾಸರಿ ಹಿಡಿದು ಶೇ. 10 ಸೇರಿಸುತ್ತಾರೆ. ಅಂದರೆ 58.

ಈಗ ಲೆಕ್ಕ ಮಾಡಿ. 75 ವ್ಯಾಟಿನ ಹಳೆಯ ಮಾದರಿ ಫ್ಯಾನ್ ಎರಡು, ದಿನಕ್ಕೆ 10 ತಾಸು: ತಿಂಗಳಿಗೆ 45 ಯೂನಿಟ್. ಉಳಿದ 13ರಲ್ಲಿ ಟಿವಿ, ಮಿಕ್ಸಿ, ಪಂಪು, ಬಲ್ಬು ಎಲ್ಲ ನಡೆಯಬೇಕು. ಆಗುವ ಮಾತಲ್ಲ. ಅದೇ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಎರಡಾದರೆ 18 ಯೂನಿಟ್. ಮನೆ ಪ್ರವೇಶಕ್ಕೆ ಯಾರಾದರೂ ಉಡುಗೊರೆ ಏನು ಬೇಕು ಅಂತ ಕೇಳಿದರೆ ಗೋಡೆ ಗಡಿಯಾರ ಬೇಡ, ಫ್ಯಾನ್ ಕೇಳಿ. ನಾಚಿಕೆ ಬೇಡ.

ಸೋಲಾರ್ ಹಾಕಿಸಲಾ?

ಪಿಎಂ ಸೂರ್ಯಘರ್‌ನಲ್ಲಿ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲಕ್ಕೆ 78,000 ಸಹಾಯಧನ ಇದೆ. ಆದರೆ ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೆ ಅದರಿಂದ ಉಳಿಯುವುದು ಏನು? ಮಳೆಗಾಲದ ಮೋಡದಲ್ಲಿ ಉತ್ಪಾದನೆಯೂ ಕಡಿಮೆ. ಸಾಲ ಮಾಡಿ ಮಾತ್ರ ಹಾಕಿಸಬೇಡಿ.

ಬಿಸಿನೀರಿಗೆ?

ಬಚ್ಚಲ ಒಲೆ, ಹಂಡೆ, ತೆಂಗಿನ ಸಿಪ್ಪೆ. ಹೊಗೆ ಹೋಗಲು ಕೊಳವೆ ಇಡಿಸಿ. ಗೀಸರಿನ ವೈರಿಂಗ್ ದುಡ್ಡು ಉಳಿಯಿತು.

ಶಿರಸಿ, ಸಿದ್ದಾಪುರದವರಿಗೂ ಇದೇನಾ?

ಮಳೆಯ ಮಾತೆಲ್ಲ ಅದೇ, ಉಪ್ಪಿನ ಮಾತು ಬಿಡಿ. ಘಟ್ಟದ ಮೇಲೆ ರಾತ್ರಿ ತಂಪು, ಕಿಟಕಿ ಸ್ವಲ್ಪ ಕಡಿಮೆ ಆದರೂ ನಡೆಯುತ್ತದೆ. ಅಲ್ಲಿಯ ಖರ್ಚು ಸಾಗಾಟ. ದೇವಿಮನೆ ಘಟ್ಟ ಹತ್ತಿಸಿ ಕಲ್ಲು, ರೇತಿ ತರುವವರು ಮಳೆಗೆ ಮೊದಲೇ ತಂದು ಒಟ್ಟಿಕೊಳ್ಳಿ. ರಸ್ತೆ ಬಂದ್ ಆದರೆ ಸುತ್ತಿ ಬರುವ ಡೀಸೆಲ್ ನಿಮ್ಮ ತಲೆಗೇ.

ನಾಲ್ಕೈದು ಮನೆಯವರು ಸೇರಿ ಕಟ್ಟಿಸಿದರೆ ಕಡಿಮೆ ಆಗುತ್ತದಾ?

ಆಗುತ್ತದೆ, ಆದರೆ ಒಂದು ಷರತ್ತು: ಎಲ್ಲರ ಬಾಗಿಲು, ಕಿಟಕಿ ಒಂದೇ ಅಳತೆ ಇರಬೇಕು. ಆಗ ಲಾರಿ ತುಂಬಿ ಬರುತ್ತದೆ, ಸೆಂಟ್ರಿಂಗ್ ಹಲಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಪೈಪು ತುಂಡು ವ್ಯರ್ಥವಾಗುವುದಿಲ್ಲ. ಒಂದು ಕಡೆ ಐದು ಮನೆಯವರು ಹೀಗೆ ಶುರು ಮಾಡಿದರು. ಮೂರನೇ ಮನೆಯ ಅಕ್ಕ "ನಮಗೆ ಕಿಟಕಿ ಕಮಾನು ಬೇಕು" ಅಂದರು, ಐದನೆಯವರು ವಾಸ್ತು ನೋಡಿಸಿ ಅಡುಗೆ ಕೋಣೆ ತಿರುಗಿಸಿದರು. ಕೊನೆಗೆ ಒಟ್ಟಿಗೆ ಉಳಿದದ್ದು ಕಲ್ಲಿನ ಲಾರಿ ಮಾತ್ರ. ಅದರಲ್ಲೂ ಸ್ವಲ್ಪ ಉಳಿಯಿತು, ಸುಳ್ಳು ಹೇಳುವುದಿಲ್ಲ. ವಾಸ್ತುವಿನವರನ್ನು ಕರೆಯುವುದಾದರೆ ನಕ್ಷೆ ಹಾಕುವ ಮೊದಲು ಕರೆಯಿರಿ. ಕಟ್ಟಿದ ಗೋಡೆ ಒಡೆಯುವ ಕೂಲಿ ಕಟ್ಟುವ ಕೂಲಿಗಿಂತ ಕಡಿಮೆ ಏನಲ್ಲ.

ದುಡ್ಡು ಸಾಲದು. ಯಾವುದನ್ನು ಆಮೇಲೆ ಮಾಡಿಸಬಹುದು?

ಒಳಗಿನ ಟೈಲ್ಸ್ ಬಿಡಿ, ಸಿಮೆಂಟ್ ನೆಲಕ್ಕೆ ಕೆಂಪು ಕಾವಿ ಹಾಕಿ ಉಜ್ಜಿಸಿದರೆ ಕಾಲಿಗೂ ತಂಪು. ಒಳಗಿನ ಬಣ್ಣ ಬಿಡಿ, ಸುಣ್ಣ ಸಾಕು. ಅಡುಗೆ ಕೋಣೆಯ ಕಪಾಟು, ಕಂಪೌಂಡ್ ಗೋಡೆ ಎಲ್ಲ ಮುಂದಿನ ವರ್ಷಕ್ಕೆ. ಮಾಡಿನ ಚಾಚು, ಕವರ್ ಬ್ಲಾಕ್, ಕಿಟಕಿ ಮಾತ್ರ ಮುಂದೂಡಬೇಡಿ, ಅವನ್ನು ಆಮೇಲೆ ಸೇರಿಸಲು ಆಗುವುದಿಲ್ಲ, ಹೇಗೋ ಸೇರಿಸಿದರೂ ಎರಡು ಪಟ್ಟು ಬೀಳುತ್ತದೆ. ಕಬ್ಬಿಣದ ಗೇಟಂತೂ ಬೇಡವೇ ಬೇಡ. ದನ ಒಳಗೆ ಬರದ ಹಾಗೆ ಎರಡು ಬಿದಿರು ಅಡ್ಡ ಹಾಕಿ ದಣಪೆ ಮಾಡಿಕೊಳ್ಳಿ.